ಭೂಮಿಯನ್ನಳೆದ ಮೂರು ಕೋಲುಗಳು

ಭೂಮಿಯ ಸುತ್ತಳತೆ ಎಷ್ಟು? ಈ ಪ್ರಶ್ನೆಯನ್ನು ಇಂದು ಯಾವ ವಿದ್ಯಾರ್ಥಿಗೆ ಹಾಕಿದರೂ ಉತ್ತರ ಬರುವುದಕ್ಕೆ ಅರ್ಧ ನಿಮಿಷ ಹಿಡಿಯುವುದಿಲ್ಲ. ಜೇಬಿನಿಂದ ಮೊಬೈಲನ್ನು ತೆಗೆದು ಅಂತರಜಾಲವನ್ನು ವಿಚಾರಿಸಿದರೆ 40,075 ಕಿಲೋಮೀಟರು ಎಂಬ ಅಂಕಿ ತತ್‌ಕ್ಷಣ ಎದುರಿಗೆ ಬಂದು ನಿಲ್ಲುತ್ತದೆ. ಉತ್ತರವೇನೋ ಸರಿಯೇ. ಆದರೆ ಈ ಅಂಕಿ ಎಲ್ಲಿಂದ ಬಂದಿತು, ಅಳೆದವರು ಏನನ್ನು ಅಳೆದರು, ಅವರ ಲೆಕ್ಕವನ್ನು ನಂಬುವುದಕ್ಕೆ ಆಧಾರವೇನು ಎಂದು ಮತ್ತೊಂದು ಪ್ರಶ್ನೆ ಹಾಕಿದೆವೆನ್ನಿ. ಅದೇ ವಿದ್ಯಾರ್ಥಿ ಪುನಃ ಮೊಬೈಲಿನ ಕಡೆಗೇ ನೋಡುತ್ತಾನೆ.

ನಮ್ಮ ಕಾಲೇಜುಗಳಲ್ಲಿ 'ಪ್ರಾಜೆಕ್ಟ್' ಎಂಬ ಮಾತಿಗೆ ಈಗ ವಿಚಿತ್ರವಾದ ಅರ್ಥವೊಂದು ಬಂದುಬಿಟ್ಟಿದೆ. ವಿಷಯವೊಂದನ್ನು ಗೊತ್ತುಮಾಡಿಕೊಳ್ಳುವುದು, ಅದರ ಮೇಲೆ ಅಂತರಜಾಲದಲ್ಲಿ ದೊರೆತ ನಾಲ್ಕಾರು ಲೇಖನಗಳಿಂದ ಪುಟಗಳನ್ನು ಎತ್ತಿಕೊಳ್ಳುವುದು, ಮೇಲೊಂದು ಬಣ್ಣದ ಚಿತ್ರವಿಟ್ಟು ಸ್ಪೈರಲ್ ಬೈಂಡ್ ಮಾಡಿಸಿ ಅಧ್ಯಾಪಕರ ಮೇಜಿನ ಮೇಲಿಡುವುದು. ಇಷ್ಟಾದರೆ ಪ್ರಾಜೆಕ್ಟ್ ಮುಗಿಯಿತು. ಈಚೆಗೆ ಎತ್ತಿಕೊಳ್ಳುವ ಶ್ರಮವೂ ಉಳಿದಿಲ್ಲ. ಕೇಳಿದೊಡನೆ ಪ್ರಬಂಧವನ್ನೇ ಬರೆದುಕೊಡುವ ಯಂತ್ರಗಳು ಬಂದಿವೆ. ಇದಕ್ಕಾಗಿ ವಿದ್ಯಾರ್ಥಿಗಳನ್ನು ದೂರುವುದು ಸುಲಭ. ಆದರೆ ಎಲ್ಲಿಯೋ ಸಿದ್ಧವಾಗಿರುವ ಉತ್ತರವನ್ನೇ ಕೇಳುವ ಪ್ರಶ್ನೆಗಳನ್ನು ಹಾಕಿದವರು ನಾವು ಅಧ್ಯಾಪಕರು ಎಂಬುದನ್ನು ಮರೆಯುವ ಹಾಗಿಲ್ಲ.

ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮನೂ ಆತನ ಸಹೋದ್ಯೋಗಿಗಳೂ 1956ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಕಲಿಕೆಯನ್ನು ಆರು ಮೆಟ್ಟಿಲುಗಳಾಗಿ ವಿಂಗಡಿಸಿದರು. ಜ್ಞಾನ, ಗ್ರಹಿಕೆ, ಅನ್ವಯ ಇವು ಕೆಳಗಿನವು. ವಿಶ್ಲೇಷಣೆ, ಸಂಶ್ಲೇಷಣೆ, ಮೌಲ್ಯಮಾಪನ ಇವು ಮೇಲಿನವು. ಉನ್ನತ ಮಟ್ಟದ ಚಿಂತನೆಯೆಂದು ಇಂದು ಹೇಳುವುದು ಈ ಮೇಲಿನ ಮೆಟ್ಟಿಲುಗಳನ್ನು ಕುರಿತೇ. ಮೆಟ್ಟಿಲುಗಳ ಲೆಕ್ಕದಲ್ಲಿ ನಮಗೆ ಅಷ್ಟಾಗಿ ಶ್ರದ್ಧೆಯಿಲ್ಲ. ಮನಸ್ಸು ಒಂದೊಂದಾಗಿ ಮೆಟ್ಟಿಲು ಹತ್ತಿ ಹೋಗುವುದನ್ನು ನಾವು ಕಂಡಿಲ್ಲ. ಆದರೂ ಒಂದು ಮಾತು ನಿಜ: ಅಂಕಿಯನ್ನು ತಿಳಿಯುವುದು ಒಂದು ಕೆಲಸ, ಅಂಕಿಯನ್ನು ತೂಗಿ ನೋಡುವುದು ಬೇರೆಯೇ ಕೆಲಸ.

ಅಂತರಜಾಲವನ್ನು ಈ ಎರಡನೆಯ ಕೆಲಸಕ್ಕೆ ಹೂಡುವ ಪ್ರಯತ್ನಗಳು ಅದು ಸಾರ್ವಜನಿಕವಾಗಿ ಹರಡಿದ ಕಾಲದಿಂದಲೂ ನಡೆದಿವೆ. 1995ರಲ್ಲಿ ಸ್ಯಾನ್ ಡಿಯೇಗೊ ಸ್ಟೇಟ್ ವಿಶ್ವವಿದ್ಯಾಲಯದ ಬರ್ನಿ ಡಾಡ್ಜ್ ಎಂಬ ಪ್ರಾಧ್ಯಾಪಕರು 'ವೆಬ್‌ಕ್ವೆಸ್ಟ್' ಎಂಬ ಕ್ರಮವನ್ನು ರೂಪಿಸಿದರು. ಮಾಹಿತಿಯನ್ನು ಹುಡುಕುವುದರಲ್ಲೇ ಕಾಲ ಕಳೆಯದೆ, ದೊರೆತ ಮಾಹಿತಿಯನ್ನು ಬಳಸಿ ಒಂದು ನಿರ್ಧಾರಕ್ಕೆ ಬರಬೇಕೆಂಬುದು ಅದರ ತಿರುಳು. ಇದಕ್ಕಿಂತ ನಮಗೆ ಹೆಚ್ಚು ಹಿಡಿಸಿದ್ದು ಮತ್ತೊಂದು ಬಗೆಯ ಯೋಜನೆ. ಇದರಲ್ಲಿ ಅಂತರಜಾಲ ಉತ್ತರಗಳ ಉಗ್ರಾಣವಲ್ಲ, ದೂರದ ಇಬ್ಬರು ವೀಕ್ಷಕರ ನಡುವಣ ಅಂಚೆ. ನ್ಯೂ ಜರ್ಸಿಯ ಸ್ಟೀವನ್ಸ್ ಇನ್‌ಸ್ಟಿಟ್ಯೂಟಿನವರು 'ನೂನ್ ಡೇ ಪ್ರಾಜೆಕ್ಟ್' ಎಂಬ ಹೆಸರಿನಲ್ಲಿ ನಾನಾ ದೇಶಗಳ ಶಾಲೆಗಳಿಂದ ಮಧ್ಯಾಹ್ನದ ನೆರಳಿನ ಅಳತೆಗಳನ್ನು ತರಿಸಿ ಒಂದೆಡೆ ಇಟ್ಟರು. ನೊಬೆಲ್ ಪಾರಿತೋಷಕ ಪಡೆದ ಭೌತವಿಜ್ಞಾನಿ ಜಾರ್ಜ್ ಶರ್ಪಾಕರು 1996ರಲ್ಲಿ ಫ್ರಾನ್ಸಿನಲ್ಲಿ ಆರಂಭಿಸಿದ ವಿಜ್ಞಾನ ಶಿಕ್ಷಣದ ಚಳವಳಿಯೂ ಇಂಥದೇ ಯೋಜನೆಯೊಂದನ್ನು ಕೈಗೊಂಡಿತು. ಇವೆರಡಕ್ಕೂ ಮೂಲಪುರುಷ ಒಬ್ಬನೇ: ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಗ್ರಂಥಭಂಡಾರದ ಅಧಿಕಾರಿಯಾಗಿದ್ದ ಎರಟಾಸ್ತನೀಸ್.

ಆತನ ಯುಕ್ತಿಯನ್ನು ವಾಚಕರಲ್ಲಿ ಅನೇಕರು ಬಲ್ಲರು. ಬೇಸಗೆಯ ಅತಿ ದೀರ್ಘ ಹಗಲಿನ ಮಧ್ಯಾಹ್ನ ಸೈಯೀನ್ ಎಂದರೆ ಇಂದಿನ ಆಸ್ವಾನಿನಲ್ಲಿ ಸೂರ್ಯ ನಡುನೆತ್ತಿಯಲ್ಲಿರುತ್ತಾನೆ. ನೆಟ್ಟ ಕೋಲಿಗೆ ನೆರಳಿಲ್ಲ. ಅದೇ ಹೊತ್ತಿಗೆ ಉತ್ತರದ ಅಲೆಕ್ಸಾಂಡ್ರಿಯದಲ್ಲಿ ಸೂರ್ಯಕಿರಣವು ಲಂಬದಿಂದ ವೃತ್ತದ 50ರಲ್ಲಿ ಒಂದು ಭಾಗದಷ್ಟು, ಎಂದರೆ 7.2 ಡಿಗ್ರಿಯಷ್ಟು, ಓರೆಯಾಗಿರುತ್ತದೆ. ಸೂರ್ಯ ಬಹಳ ದೂರದಲ್ಲಿರುವುದರಿಂದ ಎರಡೂ ಊರುಗಳಿಗೆ ಬರುವ ಕಿರಣಗಳು ಸಮಾಂತರವಾಗಿಯೇ ಇರುತ್ತವೆ. ಹಾಗಾದರೆ ಓರೆಯಾಗಿರುವುದು ಕಿರಣವಲ್ಲ, ನೆಲ. ಎರಡು ಊರುಗಳ ನಡುವಿನ ದೂರ 5,000 ಸ್ಟೇಡಿಯಗಳಾದರೆ ಭೂಮಿಯ ಸುತ್ತಳತೆ ಅದರ 50 ಪಟ್ಟು, 2,50,000 ಸ್ಟೇಡಿಯ. ನಮ್ಮ ಸಿದ್ಧಾಂತ ಜ್ಯೋತಿಷಿಗಳಿಗೂ ಈ ನೆರಳಿನ ವಿದ್ಯೆ ಹೊಸದಲ್ಲ. 12 ಅಂಗುಲದ ಶಂಕುವನ್ನು ನೆಟ್ಟು, ವಿಷುವದ ದಿನದ ಮಧ್ಯಾಹ್ನದ ನೆರಳನ್ನು ಅಳೆದು, ಅದನ್ನು 'ಪಲಭೆ' ಎಂದು ಕರೆದು, ಅದರಿಂದ ಊರಿನ ಅಕ್ಷಾಂಶವನ್ನು ಅವರು ತಿಳಿಯುತ್ತಿದ್ದರು.

ಈ ಪ್ರಯೋಗವನ್ನು ಮಾಡಲು ನಮಗೆ ಬೇಕಾದದ್ದು ಒಂದೇ ರೇಖಾಂಶದ ಮೇಲೆ ಉತ್ತರಕ್ಕೂ ದಕ್ಷಿಣಕ್ಕೂ ದೂರವಾಗಿರುವ ಎರಡು ಊರುಗಳು. ಕರ್ನಾಟಕದ ನಕ್ಷೆಯನ್ನು ಹರಡಿಕೊಂಡು ಕುಳಿತಾಗ ನಮಗೊಂದು ಸಂತೋಷ ಕಾದಿತ್ತು. ಮೈಸೂರಿನ ರೇಖಾಂಶ ಪೂರ್ವ 76.65 ಡಿಗ್ರಿ, ಕಲಬುರಗಿಯದು 76.83. ಎರಡಕ್ಕೂ ಐದನೆಯ ಒಂದು ಡಿಗ್ರಿಯಷ್ಟೂ ಅಂತರವಿಲ್ಲ. ಆಸ್ವಾನಿಗೂ ಅಲೆಕ್ಸಾಂಡ್ರಿಯಕ್ಕೂ ಇರುವ ಅಂತರವಾದರೋ ಸುಮಾರು 3 ಡಿಗ್ರಿ. ಊರುಗಳ ಆಯ್ಕೆಯಲ್ಲಿ ಎರಟಾಸ್ತನೀಸನಿಗಿಂತ ನಾವು ಅದೃಷ್ಟವಂತರೆಂದು ತರಗತಿಯಲ್ಲಿ ಹೇಳಿ ನಗೆಯೆಬ್ಬಿಸಿದೆವು. ಮೈಸೂರಿನ ನಮ್ಮ ವಿದ್ಯಾರ್ಥಿಗಳೂ ಕಲಬುರಗಿಯ ಕಾಲೇಜೊಂದರಲ್ಲಿ ಪಾಠ ಹೇಳುವ ಮಿತ್ರರೊಬ್ಬರ ವಿದ್ಯಾರ್ಥಿಗಳೂ 2023ರ ಮಾರ್ಚ್ 21ರಂದು ಒಂದು ಮೀಟರ್ ಉದ್ದದ ಕೋಲನ್ನು ತೂಗುಗುಂಡಿನ ಸಹಾಯದಿಂದ ನೆಟ್ಟಗೆ ನಿಲ್ಲಿಸಿ ನೆರಳನ್ನು ಅಳೆಯುವುದೆಂದು, ಅಳತೆಗಳನ್ನು ಅಂತರಜಾಲದಲ್ಲಿ ಎರಡೂ ಕಡೆಯವರು ಕಾಣಬಹುದಾದ ಒಂದು ಕೋಷ್ಟಕದಲ್ಲಿ ಬರೆಯುವುದೆಂದು ಗೊತ್ತಾಯಿತು.

ಸಂಜೆಯ ಹೊತ್ತಿಗೆ ಕೋಷ್ಟಕ ತುಂಬಿತು. ಮೈಸೂರಿನ ನೆರಳು 25.8 ಸೆಂಟಿಮೀಟರು, ಕಲಬುರಗಿಯದು 31.2. ಇವಕ್ಕೆ ಸರಿಹೊಂದುವ ಕೋನಗಳು 14.5 ಮತ್ತು 17.3 ಡಿಗ್ರಿ; ವ್ಯತ್ಯಾಸ 2.8 ಡಿಗ್ರಿಗೆ ಸ್ವಲ್ಪ ಮೇಲೆ. ದೂರ 556 ಕಿಲೋಮೀಟರು. ಲೆಕ್ಕ ಮಾಡಿದರೆ ಭೂಮಿಯ ಸುತ್ತಳತೆ ಸುಮಾರು 70,000 ಕಿಲೋಮೀಟರು!

ತರಗತಿಯಲ್ಲಿ ಸ್ವಲ್ಪ ಹೊತ್ತು ಮೌನ. ಒಬ್ಬನು, ಕಲಬುರಗಿಯವರು ಅಳೆದದ್ದು ತಪ್ಪಿರಬೇಕೆಂದನು. ಅದೇ ಕ್ಷಣದಲ್ಲಿ ಕಲಬುರಗಿಯಲ್ಲಿ ಮೈಸೂರಿನವರು ತಪ್ಪಿರಬೇಕೆಂಬ ಮಾತು ನಡೆದಿತ್ತೆಂದು ನಮಗೆ ಆಮೇಲೆ ತಿಳಿಯಿತು. ಸರಿಯಾದ ಉತ್ತರ ಎಲ್ಲರಿಗೂ ಗೊತ್ತಿತ್ತು. ಉತ್ತರ ಗೊತ್ತಿರುವುದು ಇಲ್ಲಿ ಯಾವ ಪ್ರಯೋಜನಕ್ಕೂ ಬಾರದು. ತಪ್ಪು ಎಲ್ಲಿದೆಯೆಂದು ಯಾವ ಪುಟದಲ್ಲೂ ಬರೆದಿರಲಿಲ್ಲ. ಕೋಲು ವಾಲಿತ್ತೆ? ನೆಲ ಇಳಿಜಾರಾಗಿತ್ತೆ? ಎರಡೂ ಕಡೆಯವರು ಒಬ್ಬರನ್ನೊಬ್ಬರು ಪ್ರಶ್ನಿಸುತ್ತ ಹೋದಂತೆ, ನೆರಳನ್ನು ಎಷ್ಟು ಗಂಟೆಗೆ ಅಳೆದಿರಿ ಎಂಬ ಪ್ರಶ್ನೆ ಬಂದಿತು. ನಮ್ಮವರು ಗಡಿಯಾರದಲ್ಲಿ ಸರಿಯಾಗಿ 12 ಹೊಡೆದಾಗ ಅಳೆದಿದ್ದರು. ಕಲಬುರಗಿಯವರು ಊಟದ ಗಂಟೆಯವರೆಗೆ ಕಾದು 12:30ಕ್ಕೆ ಅಳೆದಿದ್ದರು. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಸಾರ್, ನಮ್ಮ ಗಡಿಯಾರದಲ್ಲಿರುವುದು ಯಾವ ಊರಿನ ಹನ್ನೆರಡು?" ಎಂದು ಕೇಳಿದಳು.

ಈ ಒಂದು ಪ್ರಶ್ನೆಗಾಗಿ ಇಡೀ ಯೋಜನೆಯನ್ನು ಮಾಡಬಹುದಾಗಿತ್ತೆಂದು ನಮಗನ್ನಿಸಿತು. ಭಾರತದ ಗಡಿಯಾರಗಳು ನಡೆಯುವುದು 82.5 ಡಿಗ್ರಿ ರೇಖಾಂಶದ ಕಾಲದಲ್ಲಿ. ಮೈಸೂರು ಅದಕ್ಕೆ ಪಶ್ಚಿಮದಲ್ಲಿ 5.85 ಡಿಗ್ರಿ ದೂರ. ಡಿಗ್ರಿಗೆ 4 ನಿಮಿಷದಂತೆ 23 ನಿಮಿಷ ತಡವಾಗಿ ಸೂರ್ಯ ಇಲ್ಲಿ ನೆತ್ತಿಯ ರೇಖೆಗೆ ಬರುತ್ತಾನೆ. ಅಷ್ಟೇ ಅಲ್ಲ, ಮಾರ್ಚ್ ತಿಂಗಳ ಆ ದಿನಗಳಲ್ಲಿ ಸೂರ್ಯನೇ ಗಡಿಯಾರಕ್ಕಿಂತ ಏಳೂವರೆ ನಿಮಿಷ ಹಿಂದಿರುತ್ತಾನೆ. ಭೂಮಿಯ ಕಕ್ಷೆ ಪೂರ್ಣ ವೃತ್ತವಲ್ಲದಿರುವುದೂ ಅದರ ಅಕ್ಷ ಓರೆಯಾಗಿರುವುದೂ ಇದಕ್ಕೆ ಕಾರಣ. ಒಟ್ಟಿನಲ್ಲಿ ಮೈಸೂರಿನ ನಿಜವಾದ ಮಧ್ಯಾಹ್ನ ಅಂದು 12:30ರ ಸುಮಾರಿಗೆ. ಸೆಪ್ಟೆಂಬರಿನ ವಿಷುವದಲ್ಲಾದರೆ ಸೂರ್ಯ ಅಷ್ಟೇ ಮುಂದಿರುವುದರಿಂದ 12:16ಕ್ಕೇ ಆಗಿಹೋಗುತ್ತದೆ. ಕಲಬುರಗಿಯವರು ಹಸಿವಿನ ದೆಸೆಯಿಂದ ಸರಿಯಾದ ಹೊತ್ತಿಗೆ ಅಳೆದಿದ್ದರು. ನಾವು ಶಿಸ್ತಿನಿಂದ ತಪ್ಪು ಹೊತ್ತಿಗೆ ಅಳೆದಿದ್ದೆವು.

ಮರುವರ್ಷ, ಎಂದರೆ 2024ರ ಮಾರ್ಚ್ 20ರಂದು, ಗಡಿಯಾರವನ್ನು ನಂಬದೆ 12:10ರಿಂದ 12:50ರವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಯನ್ನು ಗುರುತಿಸಿ, ಅತಿ ಚಿಕ್ಕ ನೆರಳನ್ನು ತೆಗೆದುಕೊಂಡೆವು. ಮೈಸೂರಿನಲ್ಲಿ 22.1 ಸೆಂಟಿಮೀಟರು, ಕಲಬುರಗಿಯಲ್ಲಿ 31.0. ಕೋನಗಳ ವ್ಯತ್ಯಾಸ 4.76 ಡಿಗ್ರಿ, ಸುತ್ತಳತೆ ಸುಮಾರು 42,000 ಕಿಲೋಮೀಟರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಆದರೆ ನಮ್ಮ ತರಗತಿಯ ನಾಲ್ಕು ಗುಂಪುಗಳಲ್ಲಿ ಒಂದು ಗುಂಪಿನ ವರದಿಯಲ್ಲಿ ಉತ್ತರ 40,075 ಎಂದಿತ್ತು. ಇದನ್ನು ನಾವು ಎತ್ತಿ ತೋರಿಸಲಿಲ್ಲ. ನಾಲ್ಕು ವರದಿಗಳನ್ನೂ ಗೋಡೆಗೆ ಅಂಟಿಸಿ, ಯಾವುದನ್ನು ನಂಬುವಿರಿ, ಏಕೆ ಎಂದು ಕೇಳಿದೆವು. ಮೊದಲು ಎಲ್ಲರೂ 40,075ನ್ನೇ ಆರಿಸಿದರು. ಆಮೇಲೆ ಚರ್ಚೆ ಬೆಳೆಯಿತು. ಸೂರ್ಯನ ಬಿಂಬ ಬಿಂದುವಲ್ಲ. ಆಕಾಶದಲ್ಲಿ ಅದರ ಅಗಲ ಅರ್ಧ ಡಿಗ್ರಿ. ಆದುದರಿಂದ ಒಂದು ಮೀಟರ್ ಕೋಲಿನ ನೆರಳಿನ ತುದಿ ಸುಮಾರು ಒಂದು ಸೆಂಟಿಮೀಟರಿನಷ್ಟು ಮಸುಕಾಗಿಯೇ ಇರುತ್ತದೆ. ಒಂದೊಂದು ನೆರಳಿನಲ್ಲೂ ಅರ್ಧ ಸೆಂಟಿಮೀಟರು ತಪ್ಪಿರಬಹುದೆಂದು ಹಿಡಿದರೆ ಉತ್ತರ 38,000ಕ್ಕೂ 47,000ಕ್ಕೂ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಇಂಥ ಅಳತೆಯಿಂದ ಕೊನೆಯ ಐದು ಕಿಲೋಮೀಟರಿನವರೆಗೆ ನಿಖರವಾದ ಅಂಕಿ ಬರುವುದು ಸಾಧ್ಯವೆ? ಇನ್ನೂ ಒಂದು ಸೂಕ್ಷ್ಮವನ್ನು ಒಬ್ಬ ವಿದ್ಯಾರ್ಥಿ ಕಂಡುಹಿಡಿದನು: 40,075 ಭೂಮಧ್ಯರೇಖೆಯ ಗುಂಟ ಇರುವ ಸುತ್ತಳತೆ. ನಾವು ಅಳೆಯುತ್ತಿದ್ದುದು ಉತ್ತರ ದಕ್ಷಿಣವಾಗಿ, ಧ್ರುವಗಳ ಮೂಲಕ ಹೋಗುವ ವೃತ್ತವನ್ನು, ಅದು 40,008. ಕದ್ದ ಉತ್ತರವನ್ನೂ ತಪ್ಪು ಮನೆಯಿಂದ ಕದ್ದಿದ್ದರು! ಆ ಗುಂಪಿನವರು ನಗುತ್ತಲೇ ಒಪ್ಪಿಕೊಂಡರು. ಅಂಕ ಕೊಡುವವರು ಉತ್ತರವನ್ನಷ್ಟೇ ನೋಡುತ್ತಾರೆಂಬುದನ್ನು ಅವರು ಹನ್ನೆರಡು ವರ್ಷ ಶಾಲೆಯಲ್ಲಿ ಕಲಿತಿದ್ದರು. ಅದನ್ನು ಒಂದು ಮಧ್ಯಾಹ್ನದಲ್ಲಿ ಮರೆಸುವುದು ಸಾಧ್ಯವಿಲ್ಲ.

ಇದಾದ ಮೇಲೆ ಬಂದ ಆಕ್ಷೇಪಣೆ ನಮ್ಮನ್ನೇ ಇಕ್ಕಟ್ಟಿಗೆ ಸಿಕ್ಕಿಸಿತು. 556 ಕಿಲೋಮೀಟರೆಂಬ ದೂರ ಎಲ್ಲಿಂದ ಬಂದಿತು? ಅಂತರಜಾಲದ ನಕ್ಷೆಯಿಂದ. ನಕ್ಷೆ ಆ ದೂರವನ್ನು ಹೇಗೆ ಕೊಟ್ಟಿತು? ಎರಡು ಊರುಗಳ ಅಕ್ಷಾಂಶಗಳ ವ್ಯತ್ಯಾಸವನ್ನು ಭೂಮಿಯ ಗಾತ್ರದಿಂದ ಗುಣಿಸಿ. ಹಾಗಾದರೆ ಭೂಮಿಯ ಗಾತ್ರವನ್ನು ಬಳಸಿ ಭೂಮಿಯ ಗಾತ್ರವನ್ನು ಕಂಡುಹಿಡಿದಂತಾಯಿತಲ್ಲವೆ? ನಮ್ಮ ತರ್ಕಶಾಸ್ತ್ರದಲ್ಲಿ ಇದಕ್ಕೆ ಅನ್ಯೋನ್ಯಾಶ್ರಯ ದೋಷವೆಂದು ಹೆಸರು. ಬಸ್ಸಿನ ದೂರವನ್ನು ಹಿಡಿಯೋಣವೆಂದು ಕೆಲವರು ಹೇಳಿದರು. ರಸ್ತೆ ಡೊಂಕಾದುದರಿಂದ ಅದು ನೇರ ದೂರಕ್ಕಿಂತ ಹೆಚ್ಚೇ ಇರುತ್ತದೆ; ಭೂಮಿ ಇದಕ್ಕಿಂತ ದೊಡ್ಡದಲ್ಲ ಎಂಬ ಒಂದು ಎಲ್ಲೆ ಅದರಿಂದ ದೊರೆಯುತ್ತದೆಯೇ ಹೊರತು ಉತ್ತರ ದೊರೆಯುವುದಿಲ್ಲ.

ಈ ಗಂಟನ್ನು ಬಿಡಿಸುವುದಕ್ಕೆ ಇತಿಹಾಸಕ್ಕೆ ಹೋಗಬೇಕಾಯಿತು. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿ 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಉಕ್ಕಿನ ಸರಪಳಿಯಿಂದ ಒಂದು ಆಧಾರರೇಖೆಯನ್ನು ಅಳೆದು, ಅದರ ಮೇಲೆ ತ್ರಿಕೋನಗಳನ್ನು ಕಟ್ಟುತ್ತ ಮೈಸೂರು ಸೀಮೆಗೆ ಬಂದನು. ಬೆಂಗಳೂರಿನ ಬಳಿ ಮತ್ತೊಂದು ರೇಖೆಯನ್ನು ಸರಪಳಿಯಿಂದಲೇ ಅಳೆದು ತಾಳೆ ನೋಡಿದನು. ಅಲ್ಲಿಂದ 78ನೆಯ ರೇಖಾಂಶದ ಆಸುಪಾಸಿನಲ್ಲಿ ದಕ್ಷಿಣಕ್ಕೆ ಕನ್ಯಾಕುಮಾರಿಯ ಸಮೀಪದವರೆಗೂ ಉತ್ತರಕ್ಕೆ ಬೀದರಿನಾಚೆಗೂ ಈ ತ್ರಿಕೋನಗಳ ಸರಣಿ ಸಾಗಿತು. ಲ್ಯಾಂಬ್ಟನ್ 1823ರಲ್ಲಿ ತೀರಿಕೊಂಡ ಮೇಲೆ ಜಾರ್ಜ್ ಎವರೆಸ್ಟನು ಅದನ್ನು ಹಿಮಾಲಯದ ತಪ್ಪಲಿಗೆ ಮುಟ್ಟಿಸಿದನು. ಇಲ್ಲಿ ದೂರ ಬಂದದ್ದು ಸರಪಳಿಯಿಂದ, ಅಕ್ಷಾಂಶ ಬಂದದ್ದು ನಕ್ಷತ್ರಗಳಿಂದ. ಒಂದು ಇನ್ನೊಂದರ ಹೆಗಲ ಮೇಲೆ ಕುಳಿತಿಲ್ಲ. ಇಂದಿನ ನಕ್ಷೆಯ ಅಂಕಿಗಳಿಗೆ ಉಪಗ್ರಹಗಳ ಅಳತೆಯೂ ಸೇರಿದೆ. ನಕ್ಷೆಯನ್ನು ನಾವು ಕಡೆಗೆ ನಂಬಿದೆವು. ಆದರೆ ಏತಕ್ಕೆ ನಂಬುತ್ತೇವೆಂದು ಈಗ ಹೇಳಬಲ್ಲೆವು. ಮೊದಲು ಹೇಳಲಾರದವರಾಗಿದ್ದೆವು.

ಇನ್ನೊಂದು ಸಂದೇಹ ಉಳಿದಿತ್ತು. ಇದು ನಮ್ಮ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಭೂಮಿ ಚಪ್ಪಟೆಯೆಂದು ವಾದಿಸುವ ಚಲನಚಿತ್ರಗಳನ್ನು ಅಂತರಜಾಲದಲ್ಲಿ ನೋಡಿದ್ದ ಹುಡುಗನೊಬ್ಬ, ನಮ್ಮ ಅಳತೆಯಿಂದ ಭೂಮಿ ದುಂಡಗಿದೆಯೆಂದು ಸಿದ್ಧವಾಯಿತೇ ಎಂದು ಕೇಳಿದನು. ಕೆಲವರು ನಕ್ಕರು. ನಗುವ ಪ್ರಶ್ನೆಯಲ್ಲ ಅದು. ಬೀದಿಯ ದೀಪದ ಕಂಬದ ಹತ್ತಿರ ನಿಂತವನ ನೆರಳು ಗಿಡ್ಡ, ದೂರ ನಿಂತವನದು ಉದ್ದ. ಬೀದಿ ಮಾತ್ರ ಚಪ್ಪಟೆಯೇ. ಹಾಗೆಯೇ ಚಪ್ಪಟೆ ನೆಲದ ಮೇಲೆ ಸೂರ್ಯ ಹತ್ತಿರದಲ್ಲೇ ಇದ್ದರೆ ಮೈಸೂರಿನಲ್ಲಿ 22.1, ಕಲಬುರಗಿಯಲ್ಲಿ 31.0 ಸೆಂಟಿಮೀಟರು ನೆರಳು ಬೀಳಬಹುದು. ಅಂಥ ಸೂರ್ಯ ಎಷ್ಟು ಎತ್ತರದಲ್ಲಿರಬೇಕೆಂದು ಲೆಕ್ಕ ಹಾಕಿದರೆ ಸುಮಾರು 6,250 ಕಿಲೋಮೀಟರೆಂದು ಬರುತ್ತದೆ. ಎರಡು ಕೋಲುಗಳು ಎರಡು ಕಥೆಗಳಿಗೂ ಒಪ್ಪುತ್ತವೆ! ಎರಟಾಸ್ತನೀಸನ ಎರಡು ಊರುಗಳೂ ಹಾಗೆಯೇ. ಭೂಮಿ ದುಂಡಗಿದೆಯೆಂಬುದನ್ನೂ ಸೂರ್ಯ ಬಹುದೂರದಲ್ಲಿದ್ದಾನೆಂಬುದನ್ನೂ ಆತನು ಮೊದಲೇ ಇಟ್ಟುಕೊಂಡು ಹೊರಟಿದ್ದನು. ಪ್ರಾಚೀನ ಚೀನದ ಖಗೋಳಜ್ಞರು ಭೂಮಿ ಚಪ್ಪಟೆಯೆಂದು ಇಟ್ಟುಕೊಂಡು, ಸಾವಿರ ಲೀ ದೂರಕ್ಕೆ ನೆರಳು ಒಂದು ಚೀನೀ ಅಂಗುಲದಷ್ಟು ವ್ಯತ್ಯಾಸವಾಗುವುದೆಂಬ ನಿಯಮದಿಂದ, ಸೂರ್ಯನ ಎತ್ತರ 80,000 ಲೀ ಎಂದು ಲೆಕ್ಕ ಹಾಕಿದ್ದರು. ಆ ನಿಯಮ ಸುಳ್ಳೆಂದು ತಿಳಿದದ್ದು ಕ್ರಿ.ಶ. 724ರ ವೇಳೆಗೆ, ಯಿ ಶಿಂಗ್ ಎಂಬ ಬೌದ್ಧ ಭಿಕ್ಷುವಿನ ಮೇಲ್ವಿಚಾರಣೆಯಲ್ಲಿ ಹಲವು ಊರುಗಳಲ್ಲಿ ಶಂಕು ನೆಟ್ಟು ನೆರಳನ್ನು ಅಳೆಯಿಸಿದಾಗ.

ಹೀಗಾಗಿ ನಮಗೆ ಬೇಕಾದದ್ದು ಮೂರನೆಯ ಕೋಲು. ಅಂತರಜಾಲದ ನಿಜವಾದ ಉಪಕಾರ ನಮಗೆ ಕಂಡುಬಂದದ್ದು ಇಲ್ಲಿಯೇ. ದೆಹಲಿಯ ರೇಖಾಂಶ 77.2 ಡಿಗ್ರಿ, ಅದೂ ಬಹುಮಟ್ಟಿಗೆ ನಮ್ಮ ಸಾಲಿನಲ್ಲೇ ಇದೆ. ಅಲ್ಲಿ ಓದುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಅದೇ ದಿನ ತನ್ನ ವಸತಿಗೃಹದ ಮಹಡಿಯ ಮೇಲೆ ಅಳೆದು ಕಳುಹಿಸಿದ್ದ ನೆರಳು 54.6 ಸೆಂಟಿಮೀಟರು. ಮೈಸೂರಿನಿಂದ ದೆಹಲಿಗೆ ಉತ್ತರ ದಕ್ಷಿಣವಾಗಿ ಸುಮಾರು 1,805 ಕಿಲೋಮೀಟರು. ಈಗ ಎರಡು ಕೊನೆಗಳನ್ನು ಹಿಡಿದುಕೊಂಡು ನಡುವಣ ಕಲಬುರಗಿಯಲ್ಲಿ ನೆರಳು ಎಷ್ಟಿರಬೇಕೆಂದು ಎರಡು ಕಥೆಗಳನ್ನೂ ಕೇಳೋಣ. ಚಪ್ಪಟೆ ನೆಲದಲ್ಲಿ ನೆರಳಿನ ಉದ್ದ ದೂರದೊಡನೆ ಸಮನಾಗಿ ಬೆಳೆಯುತ್ತದೆ. 1,805 ಕಿಲೋಮೀಟರಿಗೆ 32.5 ಸೆಂಟಿಮೀಟರು ಬೆಳೆದರೆ 556ಕ್ಕೆ 10.0, ಕಲಬುರಗಿಯ ನೆರಳು 32.1 ಆಗಬೇಕು. ದುಂಡು ನೆಲದಲ್ಲಿ ಸಮನಾಗಿ ಬೆಳೆಯುವುದು ಉದ್ದವಲ್ಲ, ಕೋನ. ಅದರ ಪ್ರಕಾರ ಕೋನ 17.4 ಡಿಗ್ರಿ, ನೆರಳು 31.4. ಕಲಬುರಗಿಯವರು ಅಳೆದದ್ದು 31.0.

ದುಂಡು ಭೂಮಿ ಗೆದ್ದಿತೆಂದು ಹುಡುಗರು ಕೂಗಿದರು. ಪ್ರಶ್ನೆ ಕೇಳಿದ್ದ ಹುಡುಗ ಮಾತ್ರ ಕಾಗದದ ಮೇಲೆ ಬರೆದುಕೊಂಡಿದ್ದ ಅಂಕಿಗಳನ್ನು ನೋಡುತ್ತಲೇ ಇದ್ದನು. ಎರಡು ಕಥೆಗಳಿಗೆ ಇರುವ ವ್ಯತ್ಯಾಸ 0.7 ಸೆಂಟಿಮೀಟರು, ನಮ್ಮ ಅಳತೆಯ ತಪ್ಪು ಅರ್ಧ ಸೆಂಟಿಮೀಟರು; ಇಷ್ಟು ಕಡಮೆ ಅಂತರದಿಂದ ತೀರ್ಪು ಕೊಡಬಹುದೇ ಎಂದನು. ಅವನ ಮಾತು ನ್ಯಾಯವಾದುದು. ಭೂಮಿ ದುಂಡಗಿದೆಯೆಂಬುದಕ್ಕೆ ಬೇರೆ ಪ್ರಮಾಣಗಳು ಬೇಕಾದಷ್ಟಿವೆ. ಆದರೆ ನಮ್ಮ ಕೈಯಲ್ಲಿದ್ದ ಮೂರು ಕೋಲುಗಳು ಆ ಕಡೆಗೆ ವಾಲಿದ್ದವೇ ಹೊರತು ಇನ್ನೂ ಸಾಕ್ಷಿ ನುಡಿದಿರಲಿಲ್ಲ. ಕೋಲನ್ನು ಉದ್ದ ಮಾಡಿದರಾಯಿತೆಂದು ಒಬ್ಬಳು ಸೂಚಿಸಿದಳು. ಕೋಲು ಮೂರು ಪಟ್ಟಾದರೆ ನೆರಳಿನ ಮಸುಕೂ ಮೂರು ಪಟ್ಟಾಗುವುದೆಂದು ಅವಳ ನೆರೆಯವಳೇ ಉತ್ತರ ಹೇಳಿದಳು. ಕೋಲಿನ ತುದಿಗೆ ಸಣ್ಣ ರಂಧ್ರವಿರುವ ತಗಡನ್ನು ಕಟ್ಟಿ, ನೆಲದ ಮೇಲೆ ಬೀಳುವ ಸೂರ್ಯಬಿಂಬದ ನಡುವನ್ನು ಗುರುತಿಸಿದರೆ ಮಸುಕಿನ ಕಾಟ ತಪ್ಪುತ್ತದೆ. ಈ ಉಪಾಯ ಅವರಿಗೆ ಹೊಳೆದದ್ದು ಎರಡು ದಿನದ ಮೇಲೆ.

ಇದನ್ನು ಮಾಡಿನೋಡಬೇಕೆನ್ನುವ ವಾಚಕರಿಗೆ ಒಂದೆರಡು ಮಾತು. ವಿಷುವದ ದಿನವೇ ಆಗಬೇಕೆಂಬ ಕಟ್ಟಳೆಯಿಲ್ಲ. ಎರಡೂ ಊರುಗಳಲ್ಲಿ ಒಂದೇ ದಿನ ಅಳೆದರೆ ಸಾಕು. ಸುತ್ತಳತೆಗೆ ಬೇಕಾದದ್ದು ಕೋನಗಳ ವ್ಯತ್ಯಾಸ ಮಾತ್ರ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಮೈಸೂರು, ಕಲಬುರಗಿಗಳ ನಡುವೆ ಅಳೆಯುವವರು ಎಚ್ಚರವಾಗಿರಬೇಕು. ಆಗ ಸೂರ್ಯ ಈ ಎರಡು ಊರುಗಳ ನಡುವೆ ಇರುತ್ತಾನೆ. ಮೈಸೂರಿನ ನೆರಳು ದಕ್ಷಿಣಕ್ಕೂ ಕಲಬುರಗಿಯದು ಉತ್ತರಕ್ಕೂ ಬೀಳುತ್ತದೆ. ಕೋನಗಳನ್ನು ಕಳೆಯಬೇಕೋ ಕೂಡಬೇಕೋ ಎಂಬುದನ್ನು ಯೋಚಿಸುವ ಕೆಲಸ ನಿಮಗೇ ಇರಲಿ. ಸೂರ್ಯನನ್ನು ನೇರವಾಗಿ ಮಾತ್ರ ನೋಡಕೂಡದು. ನಿಮ್ಮೂರಿನ ಸಾಲಿನಲ್ಲಿ, ಉತ್ತರಕ್ಕೋ ದಕ್ಷಿಣಕ್ಕೋ ದೂರವಾಗಿ, ಯಾವ ಊರಿನಲ್ಲಿ ನಿಮ್ಮ ಬಂಧುಗಳೋ ಸ್ನೇಹಿತರೋ ಇದ್ದಾರೆಂಬುದನ್ನು ಮೊದಲು ನಕ್ಷೆಯಲ್ಲಿ ಹುಡುಕಿಕೊಳ್ಳಿ.

ನಮ್ಮ ವಿದ್ಯಾರ್ಥಿಗಳು ನಾಲ್ಕನೆಯ ಕೋಲನ್ನು ಹುಡುಕುತ್ತಿದ್ದಾರೆ. ಲಡಾಖಿನ ಲೇಹ್ ಪಟ್ಟಣದ ರೇಖಾಂಶ 77.58, ಅಕ್ಷಾಂಶ 34.15. ಮೈಸೂರು, ಲೇಹ್ ಎರಡನ್ನು ಕೊನೆಗಳಾಗಿ ಹಿಡಿದರೆ ದೆಹಲಿಯಲ್ಲಿ ದುಂಡು ಭೂಮಿಯ ನೆರಳಿಗೂ ಚಪ್ಪಟೆ ಭೂಮಿಯ ನೆರಳಿಗೂ 1.6 ಸೆಂಟಿಮೀಟರು ವ್ಯತ್ಯಾಸ ಬೀಳುತ್ತದೆಂದು ಅವರು ಲೆಕ್ಕ ಮಾಡಿ ಇಟ್ಟಿದ್ದಾರೆ. ಅಲ್ಲಿನ ಶಾಲೆಯೊಂದಕ್ಕೆ ಕಾಗದ ಹೋಗಿದೆ. ಅದನ್ನು ಬರೆದವನು ಆ ಚಪ್ಪಟೆ ಭೂಮಿಯ ಹುಡುಗನೇ.